ಬೇವು ಕಟ್ಟಿದ ಬಾಗಿಲು

ನನಗೆ ಮೊದಲು ಬಂದದ್ದು ಸಿಟ್ಟು, ಆಮೇಲೆ ಜ್ವರ, ಕೊನೆಗೆ ಅಮ್ಮ. ಸಿಟ್ಟು ಬಂದದ್ದು ನಲ್ಲಿಯ ದೆಸೆಯಿಂದ. ರಾಜಗೋಪಾಲನಗರದ ಆ ವಠಾರದಲ್ಲಿ ಒಂದೇ ಸಾಲಿಗೆ ಶೀಟು ಹೊದಿಸಿದ ರೂಮುಗಳು, ಮುಂದೆ ಮಾಲೀಕರ ಮನೆ, ಎಲ್ಲರಿಗೂ ಸೇರಿ ಒಂದೇ ನಲ್ಲಿ. ನಾನು ಪೀಣ್ಯದ ಒಂದು ಸಣ್ಣ ಸ್ಪ್ರಿಂಗ್ ಕಾರ್ಖಾನೆಗೆ ಚೆಕ್ಕಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ಸಾಲಿನಲ್ಲಿಟ್ಟು ಹೋದ ನನ್ನ ಕೊಡ ಸಂಜೆ ಬಂದು ನೋಡಿದರೆ ಯಾವಾಗಲೂ ಕೊನೆಗೆ ಸರಿದಿರುತ್ತಿತ್ತು, ಅದೂ ಖಾಲಿ. ಒಂದು ರಜೆಯ ದಿನ ಪಕ್ಕದ ರೂಮಿನವಳು ಅದನ್ನು ಕಾಲಲ್ಲಿ ತಳ್ಳುವುದನ್ನು ಕಣ್ಣಾರೆ ಕಂಡೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವಳ ಪರ ವಹಿಸಿ ಬಂದವರಿಗೂ ಅಂದೆ. ಬಿಡಿಸಲು ಬಂದ ಮಾಲೀಕರ ಮನೆಯ ಅಜ್ಜಿಗೂ ಎರಡು ಅಂದೆ. ನನ್ನ ನಾಲಿಗೆ ಉದ್ದ, ಅದೇನು ಗುಟ್ಟಲ್ಲ. ಅಂದಿನಿಂದ ವಠಾರದಲ್ಲಿ ಒಬ್ಬರೂ ನನ್ನನ್ನು ಮಾತಾಡಿಸಲಿಲ್ಲ, ನಾನೂ ಯಾರ ಮುಖ ನೋಡಲಿಲ್ಲ.

ನನಗೆ ಅವರ ಮಾತು ಬೇಕಿರಲಿಲ್ಲ, ಅಕ್ಕ ಇದ್ದಳು. ಗದಗದ ಕಡೆಯ ಊರಿನಿಂದ ಇಬ್ಬರೂ ಒಟ್ಟಿಗೆ ಬಂದವರು. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಊರಲ್ಲಿ ನಮ್ಮವರು ಅಂತ ಯಾರೂ ಉಳಿದಿರಲಿಲ್ಲ. ಇಲ್ಲಿ ಒಂದೇ ರೂಮು, ಒಂದೇ ಕಾರ್ಖಾನೆ, ಒಂದೇ ಚಾಪೆ. ಆಮೇಲೆ ಅಕ್ಕನಿಗೆ ಮದುವೆಯಾಯಿತು. ಭಾವ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದಕ್ಕೆ ಕ್ಯಾಬ್ ಓಡಿಸುವವನು. ಸಿಂಗಸಂದ್ರದಲ್ಲಿ ಮನೆ ಮಾಡಿದರು. ಊರಿನ ಈ ತುದಿಯಿಂದ ಆ ತುದಿಗೆ ಬಸ್ಸು ಬದಲಿಸಿ ಬದಲಿಸಿ ಹೋಗಿ ಬರುವುದರಲ್ಲೇ ನನ್ನ ವಾರದ ರಜೆ ಮುಗಿದುಹೋಗುತ್ತಿತ್ತು. ಹಾಗಾಗಿ ಫೋನೇ ಗತಿ. ನನ್ನ ಬಳಿ ಹಳೆಯದೊಂದು ಹ್ಯಾಂಡ್‌ಸೆಟ್ ಇತ್ತು. ಅಕ್ಕನಿಗೆ ಅದೂ ಇರಲಿಲ್ಲ. ಭಾವ ಡ್ಯೂಟಿಗೆ ಹೊರಡುವ ಮುಂಚೆ ಅವನ ಫೋನಿನಿಂದ ನನಗೆ ಮಾಡುತ್ತಿದ್ದಳು. "ಉಂಡ್ಯಾ?" ಅನ್ನುವುದರಿಂದ ಶುರುವಾಗಿ, ಭಾವ ಹಿಂದಿನಿಂದ "ಸಾಕು ಕೊಡs" ಅನ್ನುವುದರೊಂದಿಗೆ ಮುಗಿಯುವ ಮಾತು ಅದು.

ಜ್ವರ ಬಂದು ಮೈಮೇಲೆ ನೀರುಗುಳ್ಳೆಗಳು ಕಾಣಿಸಿದಾಗ ಶಾಲು ಹೊದ್ದುಕೊಂಡು ಮುಖ್ಯರಸ್ತೆಯ ಕ್ಲಿನಿಕ್ಕಿಗೆ ಹೋದೆ. ಡಾಕ್ಟರಮ್ಮ ದೂರದಿಂದಲೇ ನೋಡಿ ಚಿಕನ್ ಪಾಕ್ಸ್ ಎಂದರು.

"ಮನೇಲಿ ಪ್ರೆಗ್ನೆಂಟ್ ಯಾರಾದ್ರೂ ಇದಾರಾ?"

"ಇಲ್ಲ ಮೇಡಂ. ಅಕ್ಕ ಬಸುರಿ. ಆದ್ರೆ ಅವ್ಳು ಸಿಂಗಸಂದ್ರದಲ್ಲಿದಾಳೆ."

"ಅವ್ರಿಗೆ ಚಿಕ್ಕವಯಸ್ಸಲ್ಲಿ ಇದು ಬಂದಿತ್ತಾ?"

ಬಂದಿರಲಿಲ್ಲ. ಊರಿನಲ್ಲಿ ಎಲ್ಲರ ಮನೆಗೂ ತಾಯಿ ಬಂದಾಗ ನಮ್ಮ ಮನೆಯೊಂದನ್ನು ಬಿಟ್ಟಳು ಎಂದು ಅವ್ವ ಹೇಳಿಕೊಂಡು ತಿರುಗುತ್ತಿದ್ದಳು. ಅದನ್ನು ಹೇಳಿದೆ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. "ಹಾಗಾದ್ರೆ ಅವ್ರು ನಿಮ್ ಹತ್ರ ಬರ್ಲೇಬಾರ್ದು. ತಾಯಿಗೂ ಕಷ್ಟ, ಮಗೂಗೂ ಕಷ್ಟ. ಗುಳ್ಳೆ ಎಲ್ಲಾ ಒಣಗಿ ಉದುರೋವರ್ಗೂ ಬಾಗ್ಲು ಹಾಕ್ಕೊಂಡು ಒಬ್ರೇ ಇರಿ," ಎಂದರು.

ಅಕ್ಕನಿಗೆ ಮೊದಲನೆಯದು ಹೊಟ್ಟೆಯಲ್ಲೇ ಹೋಗಿತ್ತು. ಆಗ ಅವಳು ಬಿದ್ದ ಪಾಡು ನಾನು ನೋಡಿದ್ದೇನೆ. ಇದು ಎರಡನೆಯದು, ಹೊಟ್ಟೆ ಕಾಣುವಷ್ಟು ಬಂದಿತ್ತು. ಅವಳಿಗೆ ವಿಷಯ ತಿಳಿದರೆ ಬರದೆ ಇರುವವಳಲ್ಲ. ಆದ್ದರಿಂದ ತಿಳಿಸಲೇಬಾರದು ಎಂದು ದಾರಿಯಲ್ಲೇ ತೀರ್ಮಾನ ಮಾಡಿಕೊಂಡೆ. ಆ ದಿನ ಫೋನಿನಲ್ಲಿ ಸ್ವಲ್ಪ ಜ್ವರ, ರಜೆ ಹಾಕಿದ್ದೇನೆ ಎಂದಷ್ಟೇ ಹೇಳಿದೆ.

ವಠಾರಕ್ಕೆ ಮಾತ್ರ ಸುದ್ದಿ ಮುಟ್ಟಿಸುವ ಕೆಲಸ ಇರಲಿಲ್ಲ. ನನ್ನ ಮುಖ ನೋಡಿದ ಕೂಡಲೇ ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡರು. ಮರುದಿನ ಬೆಳಿಗ್ಗೆ ಬಾಗಿಲ ಮೇಲೆ ಬೇವಿನ ಸೊಪ್ಪು ಕಟ್ಟಿತ್ತು, ಹೊಸ್ತಿಲಿಗೆ ಅರಿಶಿನ ಹಚ್ಚಿತ್ತು. ನನ್ನ ಕೊಡಕ್ಕೆ ಒಂದು ತಂಬಿಗೆ ನೀರು ಬಿಡದವರು ನನ್ನ ಬಾಗಿಲಿಗೆ ಕೊಡಗಟ್ಟಲೆ ನೀರು ಸುರಿದು ತೊಳೆದಿದ್ದರು. ನನ್ನ ಕೊಡವನ್ನೂ ತುಂಬಿಸಿ, ಬೆಳಗಿ, ಅದರ ಬಾಯಿಗೆ ಬೇವು ಇಟ್ಟು ಹೊಸ್ತಿಲಾಚೆ ಇರಿಸಿದ್ದರು. ಹೊತ್ತು ಹೊತ್ತಿಗೆ ಬಾಳೆಎಲೆಯಲ್ಲಿ ಮೊಸರನ್ನ, ಎಳನೀರು ಬರುತ್ತಿತ್ತು. ಅಮ್ಮ ಇರುವ ಕಡೆ ಒಗ್ಗರಣೆ ಹಾಕಬಾರದಂತೆ, ಅವಳಿಗೆ ಉರಿಯಾಗುತ್ತದಂತೆ. ಇಡೀ ವಠಾರ ನನಗೋಸ್ಕರ ಸಾಸಿವೆ ಸಿಡಿಸುವುದನ್ನೇ ಬಿಟ್ಟಿತು. ಬೇರೆ ಸಮಯದಲ್ಲಿ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಆದರೆ ಒಬ್ಬರೂ ಮಾತಾಡಿಸಲಿಲ್ಲ. ಎಲೆ ಇಡುತ್ತಾರೆ, ಸರಿದು ನಿಲ್ಲುತ್ತಾರೆ, ಕೈ ಮುಗಿಯುತ್ತಾರೆ, ಹೋಗುತ್ತಾರೆ. ಅವರ ನೆರಳು ಬಾಗಿಲ ಕೆಳಗಿನ ಸಂದಿಯಲ್ಲಿ ಕಾಣುತ್ತಿತ್ತು. ಊಟ ಚೆನ್ನಾಗಿತ್ತಾ, ಜ್ವರ ಇಳಿಯಿತಾ ಎಂದು ಕೇಳುವವರಿಲ್ಲ. ಕಾಯಿಲೆ ಬಿದ್ದವಳು ನಾನು, ಅವರಿಗೆ ಕಂಡವಳು ದೇವಿ. ಅವಳು ಒಳಗಿರುವಾಗ ನನ್ನ ಹೆಸರು ಹಿಡಿದು ಕರೆಯುವುದು ಕೂಡ ತಪ್ಪಂತೆ.

ಅವಳ ಹತ್ತಿರ ಮಾತ್ರ ಬೇಕಾದಷ್ಟು ಮಾತಾಡುತ್ತಿದ್ದರು. ಅಜ್ಜಿ ಮೊಣಕಾಲು ನೋವಿನಿಂದ ಹಿಡಿದು ಸೊಸೆಯ ತನಕ ಎಲ್ಲವನ್ನೂ ಒಪ್ಪಿಸಿ, "ತಣ್ಣಗೆ ಬಂದಿದ್ದೀಯ, ತಣ್ಣಗೆ ಓಗ್ಬುಡು ತಾಯಿ," ಎಂದು ಮುಗಿಸುತ್ತಿದ್ದರು. ಕೊಡ ತಳ್ಳಿದ ಪಕ್ಕದ ರೂಮಿನವಳೂ ಬಂದಳು. ಅವಳ ಗಂಡ ಪೀಣ್ಯದಲ್ಲೇ ಪ್ರೆಸ್ ಓಡಿಸುವವನು, ಕೆಲಸ ಖಾಯಂ ಆಗಿರಲಿಲ್ಲ. "ಅವ್ರಿಗೆ ಪರ್ಮನೆಂಟ್ ಮಾಡ್ಸಮ್ಮ," ಎಂದು ಬೇಡಿಕೊಂಡು, ಧ್ವನಿ ತಗ್ಗಿಸಿದಳು. "ಒಳಗೈತಲ್ಲ ಆ ಹುಡ್ಗಿ, ಅದ್ರ ಬಾಯಿ ಜೋರು, ನಿಂಗೂ ಗೊತ್ತು. ಆದ್ರೆ ನಾನು ಕೊಡ ಒದ್ದಿದ್ದೂ ನಿಜ. ಆ ಸಿಟ್ನ ನನ್ ಮಕ್ಳ ಮ್ಯಾಲೆ ತೀರಿಸ್ಬ್ಯಾಡವ್ವ."

ಚಾಪೆಯ ಮೇಲೆ ಬಿದ್ದಿದ್ದವಳು ಎದ್ದು ಕೂತೆ. ಆ ಹುಡುಗಿ ಇಲ್ಲೇ ಇದ್ದಾಳೆ, ಬಾಗಿಲಿನ ಈಚೆ, ಅಂಗೈಯಷ್ಟು ದೂರದಲ್ಲಿ. ಅವಳಿಗೇ ಹೇಳಬಾರದೆ? ನನಗೆ ಕೋಪವೂ ಬಂತು, ಅಳುವೂ ಬಂತು. ಇಷ್ಟು ದಿನದಲ್ಲಿ ಆ ವಠಾರದಲ್ಲಿ ನನ್ನ ವಿಷಯ ಎತ್ತಿದ ಮೊದಲ ಮಾತು ಅದು, ಅದನ್ನೂ ಇನ್ನೊಬ್ಬಳ ಕಿವಿಗೆ ಹಾಕಿ ಹೋಗುತ್ತಿದ್ದಳು.

"ಅಕ್ಕಾ, ಹೋಗ್ಬೇಡಿ. ಒಂಚೂರು ಕೂತ್ಕೊಳ್ಳಿ," ಎಂದೆ.

ಹೊರಗೆ ಬಳೆಗಳ ಸದ್ದಾಯಿತು. ಅವಳು ನೆಲಕ್ಕೆ ಹಣೆ ಹಚ್ಚಿದ್ದಳು.

"ಅಯ್ಯೋ, ನಾನು ಕಣ್ರೀ! ನಾನೇ ಮಾತಾಡ್ತಿರೋದು!"

"ಊ ತಾಯಿ, ನೀನೇ," ಎಂದವಳೇ ಎದ್ದು ಓಡಿದಳು. ಆ ಸಂಜೆ ಎಲೆಯ ಮೇಲೆ ಮೊಸರನ್ನದ ಜೊತೆ ಹೋಳಿಗೆಯೂ ಬಂತು. ಆದರೆ ಅವಳು ಮತ್ತೆ ಬಾಗಿಲ ಬಳಿ ನಿಲ್ಲಲಿಲ್ಲ. ಇಟ್ಟವಳೇ ಓಡಿಹೋಗುತ್ತಿದ್ದಳು.

ಒಬ್ಬಂಟಿಯಾಗಿರುವುದು ಎಂದರೆ ಸುಮ್ಮನಿರುವುದು ಎಂದುಕೊಂಡಿದ್ದೆ. ಹಾಗಲ್ಲ. ತಲೆಯೊಳಗೆ ಬಾಯಿ ನಿಲ್ಲುವುದೇ ಇಲ್ಲ. ಮೈಯೆಲ್ಲ ನವೆ, ಕೆರೆಯುವಂತಿಲ್ಲ. ಮಲಗಿದರೆ ಚಾಪೆಗೆ ಹಾಸಿಕೊಂಡ ಬೇವಿನ ಕಡ್ಡಿ ಚುಚ್ಚುತ್ತದೆ. ಹಗಲು ಶೀಟು ಕಾದು ರೂಮು ಒಲೆಯಾಗುತ್ತದೆ. ಪಕ್ಕದವರ ಟಿವಿ ಶುರುವಾದರೆ ಗೋಡೆಗೆ ಕಿವಿ ಹಚ್ಚಿ ಧಾರಾವಾಹಿ ಕೇಳುತ್ತಿದ್ದೆ. ಅತ್ತೆ ಬೈದರೆ ಸೊಸೆಯ ಪರವಾಗಿ ನಾನು ಉತ್ತರ ಕೊಡುತ್ತಿದ್ದೆ. ಕರೆಂಟು ಹೋದರೆ ಸೊಸೆಯ ಗತಿ ಏನಾಯಿತೋ ಎಂದು ಚಡಪಡಿಸುತ್ತಿದ್ದೆ. ಕಾರ್ಖಾನೆಯಲ್ಲಿ ನನ್ನ ಬೆಂಚಿನ ಹೆಂಗಸರು ಈಗ ಏನು ಮಾತಾಡುತ್ತಿರಬಹುದು ಎಂದು ಒಬ್ಬೊಬ್ಬರ ಪಾಲಿನ ಮಾತನ್ನೂ ನಾನೇ ಆಡಿಕೊಂಡೆ. ಕೊನೆಗೆ ಅಕ್ಕನ ಧ್ವನಿಯಲ್ಲಿ ನನ್ನನ್ನು ನಾನೇ ಬೈದುಕೊಂಡೆ. "ಏ ಹುಚ್ಚಿ, ಎದ್ದು ಉಣ್ಣ," ಎಂದೆ. ಉಂಡೆ. ಅದು ಒಂದೆರಡು ದಿನ ನಡೆಯಿತು. ಆಮೇಲೆ ಅಕ್ಕನ ಧ್ವನಿ ನನ್ನ ಬಾಯಲ್ಲಿ ಸರಿಯಾಗಿ ಬರದೇಹೋಯಿತು. ನೆನಪಿಸಿಕೊಂಡಷ್ಟೂ ಅದು ನನ್ನದೇ ಧ್ವನಿಯಾಗುತ್ತಿತ್ತು. ಆಗ ನಾನು ನಿಜವಾಗಿ ಹೆದರಿದೆ.

ಫೋನು ಇತ್ತಲ್ಲ ಎನ್ನಬಹುದು. ಕರೆನ್ಸಿ ಮುಗಿದಿತ್ತು, ಮಿಸ್ಡ್ ಕಾಲ್ ಕೊಡುವಷ್ಟೂ ಉಳಿದಿರಲಿಲ್ಲ. ಬಂದರೆ ಎತ್ತಬಹುದು ಅಷ್ಟೇ. ಭಾವನಿಗೆ ಆ ವಾರ ಡ್ಯೂಟಿ ಹೆಚ್ಚಾಗಿ ಅಕ್ಕನ ಕೈಗೆ ಫೋನು ಸಿಗುತ್ತಿರಲಿಲ್ಲ. ಅದನ್ನು ಎದೆಯ ಮೇಲಿಟ್ಟುಕೊಂಡು ಮಲಗುತ್ತಿದ್ದೆ. ಒಮ್ಮೊಮ್ಮೆ ಅದು ರಿಂಗಾಯಿತು ಅನ್ನಿಸಿ "ಅಕ್ಕಾ" ಎಂದು ಎತ್ತುತ್ತಿದ್ದೆ, ರಿಂಗ್ ಆಗಿರುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಿಜವಾಗಿಯೂ ಆಯಿತು.

"ಹೆಂಗದಿ? ಜ್ವರಾ ಇಳೀತಿಲ್ಲೋ?" ಅಕ್ಕ ಕೇಳಿದಳು.

ಇಳಿಯಿತು, ಕೆಲಸಕ್ಕೆ ಹೊರಟಿದ್ದೇನೆ ಎಂದು ಹೇಳಬೇಕೆಂದು ಎಷ್ಟೋ ಸಲ ಕಲಿತಿಟ್ಟುಕೊಂಡಿದ್ದೆ. ಅವಳ ಧ್ವನಿ ಕೇಳಿದ್ದೇ ತಡ, ಕಲಿತದ್ದೆಲ್ಲ ಮರೆತುಹೋಯಿತು. "ಅಕ್ಕಾ, ನೀ ಬಾ. ನನಗ ಆಗವಲ್ದು. ನೀ ಬಾ," ಎಂದೆ. ಮಗುವಿನಂತೆ ಅತ್ತೆ.

"ಅಳಬ್ಯಾಡ. ನಾಳಿ ಮುಂಜಾನೆ ಬಸ್ ಹತ್ತತೀನಿ," ಎಂದಳು. ಹಿಂದಿನಿಂದ ಭಾವನ ಧ್ವನಿ ಕೇಳಿತು. ಫೋನು ಕಟ್ಟಾಯಿತು.

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮೇಲಿನ ಸ್ವಲ್ಪ ಹೊತ್ತು ನನಗಾದಷ್ಟು ಸಂತೋಷ ಜೀವನದಲ್ಲಿ ಎಂದೂ ಆಗಿಲ್ಲ. ಅಕ್ಕ ಬರುತ್ತಾಳೆ, ತಲೆ ಬಾಚುತ್ತಾಳೆ, ಬೈಯುತ್ತಾಳೆ. ಎದ್ದು ಚಾಪೆ ಕೊಡವಿದೆ. ಎರಡು ತಟ್ಟೆ ತೊಳೆದಿಟ್ಟೆ. ತಟ್ಟೆ ಒರೆಸುವಾಗ ಅದರಲ್ಲಿ ನನ್ನ ಮುಖ ಕಂಡಿತು. ಕಣ್ಣಿನ ರೆಪ್ಪೆಯ ಮೇಲೂ ಗುಳ್ಳೆ, ಕೆಲವು ಇನ್ನೂ ಹಸಿ. ಆಗ ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದ್ದು ನೆನಪಾಯಿತು. ನಾನು ಕರೆದದ್ದು ಅಕ್ಕನೊಬ್ಬಳನ್ನೇ ಅಲ್ಲ.

ಅವಳನ್ನು ತಡೆಯಬೇಕಿತ್ತು, ಈ ಮೈ ಹೊತ್ತು ಫೋನ್ ಬೂತಿನವರೆಗೆ ಹೋಗುವಂತಿರಲಿಲ್ಲ. ಬಾಗಿಲ ಸಂದಿಯಲ್ಲಿ ನೆರಳು ಕಂಡ ಕೂಡಲೇ, "ಯಾರ್ರೀ ಅದು? ಒಂದ್ ಫೋನ್ ಮಾಡ್ಬೇಕು, ನಂಬರ್ ಹೇಳ್ತೀನಿ, ಬರ್ಕೊಳ್ಳಿ!" ಎಂದು ಕೂಗಿದೆ. ಭಾವನ ನಂಬರನ್ನು ಒಂದೊಂದೇ ಅಂಕಿ ಬಿಡಿಸಿ ಮತ್ತೆ ಮತ್ತೆ ಹೇಳಿದೆ. ಜ್ವರದ ಗಂಟಲು, ಕೂಗಿದಷ್ಟೂ ಒಡೆಯುತ್ತಿತ್ತು. ಹೊರಗೆ ಗುಸುಗುಸು ಶುರುವಾಯಿತು. "ತಾಯಿ ಎಂತದೋ ನಂಬರ್ ನುಡೀತಾವ್ಳೆ," ಎಂದು ಯಾರೋ ಅಂದರು. ಕೊನೆಯ ರೂಮಿನವನು ಅದನ್ನು ಶ್ರದ್ಧೆಯಿಂದ ಬರೆದುಕೊಂಡನಂತೆ. ಆಗ ಬೀದಿಗೊಂದು ಲಾಟರಿ ಅಂಗಡಿ ಇದ್ದ ಕಾಲ. ನನ್ನ ಭಾವನ ಫೋನ್ ನಂಬರಿನ ಕೊನೆಯ ಅಂಕಿ ನೋಡಿ ಅವನು ಟಿಕೆಟ್ ಕೊಂಡ, ಅದಕ್ಕೆ ಬಹುಮಾನ ಹೊಡೆಯಲೂ ಇಲ್ಲ. ಆ ನಂಬರಿಗೆ ಒಬ್ಬರೂ ಫೋನ್ ಮಾಡಲಿಲ್ಲ.

ಮರುದಿನ ಬಿಸಿಲೇರುವ ಹೊತ್ತಿಗೆ ಅಕ್ಕ ಬಂದಳು. ವಠಾರದ ಗೇಟಿನಲ್ಲಿ ಅವಳು ಏದುಸಿರು ಬಿಡುವುದು ಒಳಗೇ ಗೊತ್ತಾಯಿತು. ಬಾಗಿಲಿನ ಬೇವು ನೋಡಿಯೇ ಅವಳಿಗೆ ಎಲ್ಲ ತಿಳಿದಿರಬೇಕು. ನಾನು ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ. ಅದು ತಗಡಿನ ಬಾಗಿಲು, ಚಿಲಕ ಸಡಿಲ, ಜೋರಾಗಿ ದೂಡಿದರೆ ತೆರೆದುಕೊಳ್ಳುವಂಥದು.

"ಜ್ವರಾ ಅಂದಿ. ಇದನ್ಯಾಕ ಮುಚ್ಚಿಟ್ಟಿ? ಬಾಗಲಾ ತಗಿ."

"ತಗಿಯಂಗಿಲ್ಲ. ನೀ ಮನಿಗೆ ಹೋಗು. ಡಾಕ್ಟರು ನೀ ಬರಬಾರ್ದು ಅಂದಾರ, ಕೂಸಿಗೆ ತ್ರಾಸ ಆಗತೈತಿ."

"ಡಾಕ್ಟರ್ಗೇನ್ ಗೊತ್ತು? ತಾಯಿ ಬಂದ್ರ ಕೂಸಿಗೇನ್ ಮಾಡ್ತಾಳ? ಆಕಿನೂ ತಾಯಿನ. ನಿನ್ನೆ ನೀನs ಬಾ ಅಂದಿ."

"ನಿನ್ನೆ ಅಂದೆ. ಇವತ್ತು ಬ್ಯಾಡ ಅಂತೀನಿ."

ಅಜ್ಜಿ ತಮ್ಮ ಜಗಲಿಯಿಂದ, "ಬಸ್ರಿ ಎಂಗ್ಸು ಅಲ್ಲಿ ನಿಲ್ಬಾರ್ದು ಕಣವ್ವ, ಈಚೆಗ್ ಬಾ," ಎಂದು ಕೂಗಿದರು. ಅಕ್ಕ ಅವರಿಗೂ ಜಗ್ಗಲಿಲ್ಲ. ಹಟದಲ್ಲಿ ನಾವಿಬ್ಬರೂ ಒಂದೇ ಹೊಟ್ಟೆಯವರು. ಬಾಗಿಲು ದೂಡಿದಳು. ಅದು ನನ್ನ ಬೆನ್ನಿಗೆ ಒತ್ತಿತು. ನಾನು ಕಾಲು ಗೋಡೆಗೆ ಕೊಟ್ಟು ತಡೆದೆ. ಆಕೆ ದೂಡುತ್ತಾ, ನಾನು ತಡೆಯುತ್ತಾ, ಇಬ್ಬರೂ ಅಳುತ್ತಾ ಎಷ್ಟು ಹೊತ್ತು ಕಳೆಯಿತೋ. ಕೊನೆಗೆ ಅವಳು ದಣಿದು ಹೊಸ್ತಿಲ ಮೇಲೆ ಕುಸಿದು ಕೂತಳು.

ಆಮೇಲೆ ಬಾಗಿಲ ಕೆಳಗಿನ ಸಂದಿಯಿಂದ ಅವಳ ಬೆರಳುಗಳು ಒಳಗೆ ಬಂದವು. "ಮುಖಾ ತೋರಸಬ್ಯಾಡ. ಕೈಯರ ಹಿಡಿ," ಎಂದಳು.

ಆ ಬೆರಳುಗಳನ್ನು ನೋಡುತ್ತಾ ಕೂತೆ. ಸ್ಪ್ರಿಂಗ್ ಹಿಡಿದು ಹಿಡಿದು ತುದಿ ಒರಟಾದ ಬೆರಳುಗಳು. ಎಷ್ಟೋ ದಿನದಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ. ಮುಟ್ಟಬೇಕು, ಒಂದೇ ಒಂದು ಸಲ, ಅದಾದ ಮೇಲೆ ಸತ್ತರೂ ಚಿಂತೆಯಿಲ್ಲ ಅನ್ನಿಸಿತು. ನನ್ನ ಕೈ ಅರ್ಧ ದಾರಿ ಹೋಗಿತ್ತು. ಅಂಗೈಯಲ್ಲಿ ಒಡೆದ ಗುಳ್ಳೆಯೊಂದು ಮಿನುಗಿತು. ಕೈ ಹಿಂದಕ್ಕೆ ಎಳೆದುಕೊಂಡೆ, ಕಾಲೂ ಮಡಚಿಕೊಂಡೆ. ಇನ್ನು ಒಂದು ಗಳಿಗೆ ಅವಳು ಅಲ್ಲಿ ಕೂತರೆ ಬಾಗಿಲು ತೆರೆಯುವವಳು ನಾನೇ ಎಂದು ನನಗೆ ಖಚಿತವಾಯಿತು. ತಂಗಿಯ ಮಾತನ್ನು ಅವಳು ಕೇಳುವುದಿಲ್ಲ. ಯಾರ ಮಾತು ಕೇಳುತ್ತಾಳೆ ಎಂಬುದು ಆಗ ಹೊಳೆಯಿತು.

ಊರಲ್ಲಿ ಮೈಮೇಲೆ ದೇವರು ಬಂದವರು ಮಾತಾಡುವುದನ್ನು ಕೇಳಿದ್ದೆ. ಎದೆಯಿಂದ ಉಸಿರು ಎಳೆದು, ಒಡೆದ ಗಂಟಲಿನಲ್ಲಿ ಕೂಗಿದೆ. ಅಕ್ಕನಿಗಾಗಲಿ ಅವಳ ಮಗಳಿಗಾಗಲಿ ಇವತ್ತಿಗೂ ಇದು ಗೊತ್ತಿಲ್ಲ.

"ಯಾರಾಕಿ, ನನ್ನ ಹೊಸ್ತಿಲ ಮ್ಯಾಲ ಕುಂತಾಕಿ? ಏಳು! ಹೊಟ್ಯಾಗ ಕೂಸಿಟ್ಕೊಂಡು ನನ್ನೆದುರಿಗೆ ಬರ್ತಿಯಾ? ಎದ್ದು ನಡಿ!"

ಬೆರಳುಗಳು ಸರಕ್ಕನೆ ಹೊರಗೆ ಹೋದವು. ಅಜ್ಜಿ, ಪಕ್ಕದವಳು ಎಲ್ಲರೂ ದೊಡ್ಡ ಧ್ವನಿಯಲ್ಲಿ ದೇವಿಯನ್ನು ಕೂಗಿದರು. ಅಕ್ಕ ಎದ್ದ ಸದ್ದು ಕೇಳಿತು. ಅವಳು ಗೋಡೆ ಹಿಡಿದು ಎದ್ದಿರಬೇಕು, ಬಳೆ ಗೋಡೆಗೆ ತಾಗಿತು.

"ತಪ್ಪಾತವಾ ತಾಯಿ. ನಾ ಹೋಗತೀನಿ, ನೀ ಸಿಟ್ಟಾಗಬ್ಯಾಡ," ಎಂದಳು. ನನ್ನ ಅಕ್ಕನಿಂದ ಆ ದನಿಯನ್ನು ನಾನು ಎಂದೂ ಕೇಳಿರಲಿಲ್ಲ. ನನ್ನ ಹತ್ತಿರ ಅವಳು ಹಾಗೆ ಮಾತಾಡುತ್ತಿರಲಿಲ್ಲ.

ಹೊರಟಳು ಎಂದುಕೊಂಡೆ. ಹೊರಡಲಿಲ್ಲ. ಸ್ವಲ್ಪ ಹಿಂದೆ ಸರಿದು ನಿಂತು, ಉಳಿದವರೆಲ್ಲ ಮಾಡುತ್ತಿದ್ದಂತೆ ಅವಳೂ ಬೇಡಿಕೊಂಡಳು. ಹೊಟ್ಟೆಯ ಕೂಸಿಗಾಗಿ ಬೇಡುತ್ತಾಳೆ ಎಂದುಕೊಂಡೆ.

"ಒಂದ್ ಮಾತು ಕೇಳ್ತೀನಿ ತಾಯಿ. ನಿನ್ನ ಮುಂದ ಮಲಗೇತಲ್ಲ, ಅದು ನನ್ನ ತಂಗಿ." ಹೊಸಬರಿಗೆ ಪರಿಚಯ ಮಾಡಿಕೊಡುವವಳಂತೆ ನನ್ನ ಹೆಸರು ಹೇಳಿದಳು. "ಅದಕ್ಕ ಬಾಯಿ ಭಾಳ, ಮನಸಿನ್ಯಾಗ ಏನೂ ಇಲ್ಲ. ಒಬ್ಬಾಕಿನ ಇದ್ದು ಗೊತ್ತಿಲ್ಲ ಅದಕ್ಕ. ಕತ್ತಲಿಗೆ ಅಂಜತೈತಿ, ಯಾರ ಮುಂದೂ ಹೇಳಂಗಿಲ್ಲ. ಎಲ್ಲಾರೂ ನಿನಗ ಲಗೂನ ಹೋಗು ಅಂತಾರ. ನಾ ಹಂಗ ಅನ್ನಂಗಿಲ್ಲ. ನಾ ಹಡದು ಬರೂತನಾ ನೀನs ಆಕಿ ಜೋಡಿ ಇರು. ಆಕಿನ್ನ ಒಬ್ಬಾಕಿನ್ನ ಬಿಡಬ್ಯಾಡ."

ಅವಳು ಉತ್ತರಕ್ಕೆ ಕಾಯುತ್ತಾ ನಿಂತಳು. ಉತ್ತರ ಸಿಗದೆ ಹೋಗುವವಳಲ್ಲ.

"ಇರ್ತೀನಿ," ಎಂದೆ, ಅದೇ ಧ್ವನಿಯಲ್ಲಿ. "ಹೋಗು ನೀನು."

ಅವಳ ಚಪ್ಪಲಿಯ ಸದ್ದು ನಲ್ಲಿ ದಾಟಿ, ಗೇಟು ದಾಟಿ, ರಸ್ತೆಗೆ ಇಳಿಯುವವರೆಗೆ ನಾನು ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡು ಕೂತಿದ್ದೆ. ನಾನು ಅಳುವುದು ಅವಳಿಗೆ ಕೇಳಿಸಿದ್ದರೆ, ಒಳಗಿರುವುದು ತಂಗಿಯೇ ಎಂದು ಗೊತ್ತಾಗಿಬಿಡುತ್ತಿತ್ತು.